ಸಿಡಿಲು ಬಡಿದ ಬತೇರಿ: ಟ್ಯಾರೋದ 16ನೇ ಕಾರ್ಡ್ ಓದುವುದು ಹೇಗೆ

ಟ್ಯಾರೋ ಅಂದರೆ ಈಗ ಹೆಚ್ಚಾಗಿ ಭವಿಷ್ಯ ಹೇಳಲು ಬಳಸುವ ಚಿತ್ರದ ಕಾರ್ಡ್‌ಗಳು. ಅದರ ಡೆಕ್‌ನಲ್ಲಿ, ಅಂದರೆ ಕಟ್ಟಿನಲ್ಲಿ, 78 ಕಾರ್ಡ್‌ಗಳಿವೆ. ಅದರಲ್ಲಿ 16ನೇ ನಂಬರಿನದು ಬಂದರೆ ಸಾಕು, ಎದುರಿಗೆ ಕೂತವರ ಮುಖ ಸಣ್ಣಗಾಗುತ್ತದೆ. ಕಪ್ಪು ಆಕಾಶ. ಬಂಡೆಯ ತುದಿಯಲ್ಲಿ ಒಂಟಿ ಗೋಪುರ. ಅದಕ್ಕೆ ಸಿಡಿಲು ಬಡಿದಿದೆ, ಇಬ್ಬರು ತಲೆಕೆಳಗಾಗಿ ಬೀಳುತ್ತಿದ್ದಾರೆ. ಟವರ್ ಅಂತ ಇದರ ಹೆಸರು. ಮೊಬೈಲ್‌ನಲ್ಲಿ ಹುಡುಕಿ ನೋಡಿ. ಒಬ್ಬರು ಸರ್ವನಾಶ ಅಂತಾರೆ, ಇನ್ನೊಬ್ಬರು ಬಿಡುಗಡೆ ಅಂತಾರೆ. ಇಬ್ಬರೂ ಇದು ಸಾವಿರಾರು ವರ್ಷದ ಗುಟ್ಟು ಅಂತ ಒಂದು ಮಾತು ಸೇರಿಸುತ್ತಾರೆ.

ಸಾವಿರಾರು ವರ್ಷದ ಮಾತು ಸುಳ್ಳು. ಉಳಿದ ಎರಡು ಅರ್ಥಗಳೂ ಆಕಾಶದಿಂದ ಬಿದ್ದವಲ್ಲ. ಯಾರು, ಯಾವಾಗ, ಯಾಕೆ ಹಾಗೆ ಹೇಳಿದರು ಅನ್ನೋದು ಬಹುಪಾಲು ಗೊತ್ತಿರುವ ವಿಷಯ. ಅದನ್ನು ತಿಳಿದುಕೊಂಡರೆ ಹೆದರಿಕೆಯೂ ಕಡಿಮೆಯಾಗುತ್ತದೆ, ಓದುವುದೂ ಚೆನ್ನಾಗಿರುತ್ತದೆ. ಅದರಲ್ಲೂ ಚಿತ್ರದುರ್ಗದಲ್ಲಿ ಇರುವವರಿಗೆ ಇದೊಂದು ಅನುಕೂಲದ ಕಾರ್ಡ್. ಬಂಡೆ ಮೇಲೆ ಕಟ್ಟಿದ ಗೋಪುರ ಅಂದರೆ ಏನು ಅಂತ ನಮಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ, ಕಿಟಕಿ ತೆಗೆದರೆ ಕಾಣುತ್ತದೆ.

ಹಂತ 1: ಕಾರ್ಡ್ ಕೈಗೆ ಬರಲಿ

ಇಡೀ ಡೆಕ್ ಕೊಳ್ಳಲೇಬೇಕು ಅಂತೇನಿಲ್ಲ. ಕಲಿಯೋದಕ್ಕೆ ಒಂದು ಚಿತ್ರ ಸಾಕು. ಹೆಚ್ಚಿನವರು ಬಳಸುವುದು ರೈಡರ್-ವೇಟ್ ಡೆಕ್. ಗುಪ್ತ ವಿದ್ಯೆಯ ಬಗ್ಗೆ ಬರೆಯುತ್ತಿದ್ದ ಆರ್ಥರ್ ಎಡ್ವರ್ಡ್ ವೇಟ್ ಹೇಳಿದ್ದನ್ನು ಕೇಳಿ ಪಮೇಲಾ ಕೋಲ್ಮನ್ ಸ್ಮಿತ್ ಬರೆದ ಚಿತ್ರಗಳು ಅವು. 1909ರಲ್ಲಿ ಲಂಡನ್ನಿನ ರೈಡರ್ ಕಂಪನಿ ಅಚ್ಚು ಹಾಕಿತು. ಸ್ಮಿತ್ ತೀರಿಕೊಂಡಿದ್ದು 1951ರಲ್ಲಿ. ನಮ್ಮ ದೇಶದ ಕಾನೂನಿನಲ್ಲಿ ಚಿತ್ರ ಬರೆದವರು ಹೋಗಿ 60 ವರ್ಷ ಕಳೆದರೆ ಹಕ್ಕು ಮುಗಿಯುತ್ತದೆ. ಹಾಗಾಗಿ 1909ರ ಆ ಮೂಲ ಚಿತ್ರವನ್ನು ಇಳಿಸಿಕೊಂಡು, ಹತ್ತಿರದ ಜೆರಾಕ್ಸ್ ಅಂಗಡಿಯಲ್ಲಿ ಒಂದು ಕಲರ್ ಪ್ರಿಂಟ್ ತೆಗೆಸಿಕೊಳ್ಳಬಹುದು. ಸ್ವಲ್ಪ ದೊಡ್ಡದಾಗೇ ತೆಗೆಸಿ. ಸಣ್ಣ ಕಾರ್ಡ್‌ನಲ್ಲಿ ಮುಂದಿನ ಹಂತದಲ್ಲಿ ಎಣಿಸಬೇಕಾದ ಕಿಡಿಗಳು ಸರಿಯಾಗಿ ಕಾಣುವುದಿಲ್ಲ.

ಸ್ಮಿತ್ ಬಗ್ಗೆ ಒಂದು ಮಾತು ಹೇಳಿಬಿಡುತ್ತೇನೆ. ಡೆಕ್‌ನ ಹೆಸರಲ್ಲಿ ಪ್ರಕಾಶಕರಿದ್ದಾರೆ, ಬರೆಸಿದವರಿದ್ದಾರೆ, ಬರೆದವಳೇ ಇಲ್ಲ. ಕೆಲಸ ಬಹಳ, ದುಡ್ಡು ಕಡಿಮೆ ಅಂತ ಆ ವರ್ಷವೇ ಒಂದು ಕಾಗದದಲ್ಲಿ ಆಕೆ ಬರೆದುಕೊಂಡಿದ್ದಾಳೆ. ಇತ್ತೀಚೆಗೆ ಕೆಲವರು ರೈಡರ್-ವೇಟ್-ಸ್ಮಿತ್ ಅಂತ ಮೂರೂ ಹೆಸರು ಹೇಳುತ್ತಾರೆ. ಅದೇ ಸರಿ ಅನಿಸುತ್ತದೆ.

ಹಂತ 2: ಪುಸ್ತಕ ಮುಚ್ಚಿಟ್ಟು ಚಿತ್ರ ನೋಡಿ

ಡೆಕ್ ಜೊತೆ ಬರುವ ಸಣ್ಣ ಪುಸ್ತಕವನ್ನು ಮೊದಲೇ ಓದಬೇಡಿ. ಒಂದು ನೋಟ್‌ಬುಕ್ ತೆಗೆದುಕೊಂಡು, ಕಣ್ಣಿಗೆ ಕಂಡಿದ್ದನ್ನು ಮಾತ್ರ ಬರೆಯಿರಿ. ಕೇಡು, ಶಿಕ್ಷೆ, ಅಹಂಕಾರ ಇಂಥ ಮಾತು ಈಗಲೇ ಬೇಡ. ಬಣ್ಣ, ಲೆಕ್ಕ, ದಿಕ್ಕು ಇಷ್ಟೇ.

ಬರೆಯುತ್ತಾ ಹೋದ ಹಾಗೆ ಕೆಲವು ಸಂಗತಿ ಹೊಳೆಯುತ್ತವೆ. ಗೋಪುರದ ತುದಿಯಲ್ಲಿ ಇದ್ದಿದ್ದು ಬರೀ ಚಾವಣಿ ಅಲ್ಲ, ಒಂದು ಕಿರೀಟ. ಸಿಡಿಲು ಹಾರಿಸಿದ್ದು ಅದನ್ನೇ. ಮೂರು ಕಿಟಕಿಗಳಿವೆ, ಮೂರರಲ್ಲೂ ಬೆಂಕಿ. ಬೀಳುತ್ತಿರುವ ಇಬ್ಬರಲ್ಲಿ ಒಬ್ಬರ ತಲೆ ಮೇಲೂ ಕಿರೀಟ ಇದೆ. ಗೋಪುರ ನಿಂತಿರುವ ಬಂಡೆಗೆ ಏನೂ ಆಗಿಲ್ಲ. ಇನ್ನೊಂದನ್ನು ತುಂಬಾ ಜನ ಗಮನಿಸುವುದೇ ಇಲ್ಲ: ಈ ಗೋಪುರಕ್ಕೆ ಎಲ್ಲೂ ಬಾಗಿಲು ಕಾಣುವುದಿಲ್ಲ. ಇದನ್ನು ನೋಟ್‌ಬುಕ್‌ನಲ್ಲಿ ದೊಡ್ಡದಾಗಿ ಬರೆದಿಡಿ, ಕೋಟೆ ಹತ್ತಿದಾಗ ಬೇಕಾಗುತ್ತದೆ.

ಆಮೇಲೆ ಆಕಾಶದಲ್ಲಿ ತೇಲುವ ಹಳದಿ ಕಿಡಿಗಳನ್ನು ಎಣಿಸಿ. ಒಂದು ಕಡೆ 10, ಇನ್ನೊಂದು ಕಡೆ 12, ಒಟ್ಟು 22. ಇದು ಸುಮ್ನೆ ಬಂದ ಲೆಕ್ಕ ಅಲ್ಲ. ಹೀಬ್ರೂ ಭಾಷೆಯಲ್ಲಿ 22 ಅಕ್ಷರಗಳು, ಟ್ಯಾರೋದಲ್ಲಿ ಟವರ್‌ನಂಥ ಮುಖ್ಯ ಚಿತ್ರದ ಕಾರ್ಡ್‌ಗಳೂ 22. ಒಂದೊಂದು ಕಿಡಿಯ ಆಕಾರವೂ 'ಯೋದ್' ಅನ್ನುವ ಹೀಬ್ರೂ ಅಕ್ಷರದ್ದು. 12 ಅಂದರೆ ರಾಶಿಗಳು, 10 ಅಂದರೆ ಯಹೂದಿ ಕಬ್ಬಾಲಾ ಪಂಥದ ಜೀವವೃಕ್ಷದ ಹತ್ತು ನೆಲೆಗಳು ಅಂತ ಓದುವವರಿದ್ದಾರೆ. ನಿಜವಾದ ಗುಪ್ತ ಸಂಕೇತ ಅಂದರೆ ಇದು: ಗೊತ್ತಿದ್ದವರು ಎಣಿಸಲಿ ಅಂತ ಬೇಕೆಂದೇ ಇಟ್ಟಿದ್ದು. ಹಾಗಂತ ಚಿತ್ರದಲ್ಲಿರುವ ಪ್ರತಿ ಗೆರೆಗೂ ಗುಟ್ಟು ಹುಡುಕುತ್ತಾ ಕೂರಬೇಡಿ. ಮೋಡ ಕೆಲವು ಸಲ ಬರೀ ಮೋಡ.

ಹಂತ 3: ಹಳೇ ಕಾರ್ಡ್‌ಗಳನ್ನು ಪಕ್ಕದಲ್ಲಿಡಿ

ಈಗ 1909ಕ್ಕಿಂತ ಹಿಂದೆ ಹೋಗಬೇಕು. ಫ್ರಾನ್ಸಿನ ರಾಷ್ಟ್ರೀಯ ಗ್ರಂಥಾಲಯ, ಬ್ರಿಟಿಷ್ ಮ್ಯೂಸಿಯಂ ಇಂಥ ಕಡೆಯ ಹಳೇ ಡೆಕ್‌ಗಳ ಚಿತ್ರಗಳು ನೆಟ್‌ನಲ್ಲಿ ಪುಕ್ಕಟೆ ಸಿಗುತ್ತವೆ. ಎರಡು ಮೂರು ಇಳಿಸಿಕೊಳ್ಳಿ.

ಟ್ಯಾರೋ ಹುಟ್ಟಿದ್ದು ಭವಿಷ್ಯ ಹೇಳೋದಕ್ಕಲ್ಲ, ಇಸ್ಪೀಟಿನ ಹಾಗೆ ಆಡೋದಕ್ಕೆ. 1440ರ ದಶಕದಲ್ಲಿ ಉತ್ತರ ಇಟಲಿಯ ಅರಮನೆಗಳಲ್ಲಿ ಇದರ ಲೆಕ್ಕಪತ್ರ ಸಿಗುತ್ತದೆ. ಮಾಮೂಲಿ ಎಲೆಗಳನ್ನು ಹೊಡೆಯುವ ತುರುಫು ಎಲೆಗಳಾಗಿ ಈ ಚಿತ್ರದ ಕಾರ್ಡ್‌ಗಳು ಬಂದವು. ಅಂದರೆ 16ನೇ ಕಾರ್ಡ್ 15ನೆಯದನ್ನು ಹೊಡೆಯುತ್ತದೆ, 17ನೆಯದಕ್ಕೆ ಸೋಲುತ್ತದೆ. ಅಷ್ಟೇ ಅದರ ಕೆಲಸವಾಗಿತ್ತು. ಫ್ರಾನ್ಸಿನಲ್ಲಿ ಇವತ್ತಿಗೂ ಟ್ಯಾರೋ ಆಟ ಆಡುವವರಿದ್ದಾರೆ.

ಮಿಲಾನಿನ ದೊರೆಗಳಿಗಾಗಿ ಚಿನ್ನದ ರೇಕು ಹಚ್ಚಿ ಮಾಡಿದ ವಿಸ್ಕೊಂಟಿ-ಸ್ಫೋರ್ಜಾ ಡೆಕ್‌ನಲ್ಲಿ ಈಗ ಉಳಿದಿರೋದು 74 ಕಾರ್ಡ್. ಇಲ್ಲದ ನಾಲ್ಕರಲ್ಲಿ ಟವರ್ ಒಂದು, ಅದರ ಹಿಂದಿನ ಸೈತಾನ ಇನ್ನೊಂದು. ಅಪಶಕುನ ಅಂತ ಯಾರೋ ಕಿತ್ತು ಬಿಸಾಕಿದರು ಅಂತ ಕಥೆ ಕಟ್ಟುವವರಿದ್ದಾರೆ. ಅವುಗಳ ಜೊತೆ ಕತ್ತಿಯ ಮೂರು ಮತ್ತು ನಾಣ್ಯದ ಸವಾರ ಅನ್ನುವ ಇನ್ನೆರಡು ಕಾರ್ಡೂ ಕಾಣೆಯಾಗಿವೆ. ಸವಾರನಲ್ಲಿ ಎಂಥ ಅಪಶಕುನ? ಇಸ್ಪೀಟ್ ಕಟ್ಟಿನಲ್ಲಿ ಎಲೆ ಕಳೆಯೋದು ಹೊಸ ವಿಷಯವಾ?

ಇಟಲಿಯ ಹಳೇ ಪಟ್ಟಿಗಳಲ್ಲಿ ಈ ಕಾರ್ಡಿಗೆ ಒಂದೇ ಹೆಸರಿಲ್ಲ. ಒಂದರಲ್ಲಿ ಬಾಣ, ಒಂದರಲ್ಲಿ ಬೆಂಕಿ, ಮತ್ತೊಂದರಲ್ಲಿ ಸೈತಾನನ ಮನೆ. ಫ್ಲಾರೆನ್ಸಿನ ಮಿಂಕಿಯಾತೆ ಅನ್ನುವ ಆಟದ ಕಾರ್ಡಿನಲ್ಲಿ ಯಾರೂ ಮೇಲಿಂದ ಬೀಳುವುದೇ ಇಲ್ಲ. ಉರಿಯುವ ಕಟ್ಟಡದ ಬಾಗಿಲಿನಿಂದ ಬತ್ತಲೆ ಹೆಂಗಸೊಬ್ಬಳು ಓಡಿ ಬರುತ್ತಿದ್ದಾಳೆ. 1650ರ ಸುಮಾರಿಗೆ ಪ್ಯಾರಿಸ್‌ನಲ್ಲಿ ಜಾಕ್ ವಿಯೆವಿಲ್ ಮಾಡಿದ ಕಾರ್ಡ್ ನೋಡಿದರೆ ಗೋಪುರವೇ ಮಾಯ! ಮರದ ಕೆಳಗೆ ಒಬ್ಬ ಮನುಷ್ಯ, ಅವನ ಜೊತೆ ದನ ಕುರಿ, ಮೇಲಿಂದ ಸಿಡಿಲು. ನಮ್ಮ ಚಳ್ಳಕೆರೆ, ಮೊಳಕಾಲ್ಮೂರು ಕಡೆಯ ಕುರಿಗಾಹಿಗಳಿಗೆ ಈ ಚಿತ್ರ ತೋರಿಸಿದರೆ ಅರ್ಥ ಕೇಳಬೇಕಾಗಿಲ್ಲ. ಏಪ್ರಿಲ್, ಮೇ ತಿಂಗಳ ಮಳೆಯಲ್ಲಿ ಮರದ ಕೆಳಗೆ ನಿಲ್ಲಬೇಡ ಅನ್ನುತ್ತಾರೆ, ಮುಗಿಯಿತು.

ಗೋಪುರದ ಚಿತ್ರ ಗಟ್ಟಿಯಾಗಿ ನಿಂತಿದ್ದು ಫ್ರಾನ್ಸಿನ ಮಾರ್ಸೆ ಮಾದರಿಯ ಡೆಕ್‌ಗಳಿಂದ. ಪ್ಯಾರಿಸ್ಸಿನ ಜಾನ್ ನೋಬ್ಲೆ, ಆಮೇಲೆ 1760ರಲ್ಲಿ ಮಾರ್ಸೆಯ ನಿಕೊಲಾ ಕೊನ್ವೇರ್ ಮಾಡಿದವು ಇವು. ಇದರಲ್ಲಿ ಕಾರ್ಡಿನ ಹೆಸರು ದೇವರ ಮನೆ. ಆಕಾಶ ಕಪ್ಪಗಿಲ್ಲ. ಬಣ್ಣ ಬಣ್ಣದ ಉಂಡೆಗಳು ಗಾಳಿಯಲ್ಲಿ ತೇಲುತ್ತಿವೆ. ಬೀಳುವವರಲ್ಲಿ ಒಬ್ಬ ನೆಲಕ್ಕೆ ಕೈ ಊರಿದ್ದಾನೆ, ಲಾಗ ಹಾಕುತ್ತಿದ್ದಾನೋ ಬಿದ್ದನೋ ಹೇಳೋದು ಕಷ್ಟ. 1909ರ ಕಾರ್ಡಿನ ಪಕ್ಕ ಇದನ್ನಿಟ್ಟು ನೋಡಿ. ಆ ಭಯಾನಕ ಕತ್ತಲೆಯನ್ನು ತಂದವಳು ಸ್ಮಿತ್ ಅಂತ ಗೊತ್ತಾಗುತ್ತದೆ.

ಗೋಪುರಕ್ಕೇ ಯಾಕೆ ಸಿಡಿಲು ಅಂತ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ಆಗಿನ ಇಟಲಿಯ ಊರುಗಳಲ್ಲಿ ಎಲ್ಲಕ್ಕಿಂತ ಎತ್ತರ ಇದ್ದಿದ್ದು ಗಂಟೆ ಗೋಪುರಗಳು. ವೆನಿಸ್‌ನ ಸಂತ ಮಾರ್ಕನ ಗೋಪುರದ ಮರದ ತುದಿ 1489ರಲ್ಲಿ ಸಿಡಿಲಿಗೆ ಸುಟ್ಟುಹೋಯಿತು. ಬೆಂಜಮಿನ್ ಫ್ರಾಂಕ್ಲಿನ್‌ನ ಸಿಡಿಲು ಕಂಬಿ ಬಂದಿದ್ದು 1750ರ ದಶಕದಲ್ಲಿ. ಅಲ್ಲಿಯವರೆಗೆ ದೇವರ ಗೋಪುರಕ್ಕೇ ದೇವರ ಸಿಡಿಲು ಬಡಿಯೋದು ಜನ ಕಣ್ಣಾರೆ ಕಂಡ ವಿಷಯ. ಕಾರ್ಡ್ ಬರೆದವನಿಗೆ ಗುಪ್ತ ವಿದ್ಯೆಯೇ ಬೇಕಿತ್ತು ಅಂತೇನಿಲ್ಲ.

ಹಂತ 4: ಯಾವ ಅರ್ಥ ಯಾರದು ಅಂತ ಬರೆದುಕೊಳ್ಳಿ

ನೋಟ್‌ಬುಕ್‌ನ ಒಂದು ಹಾಳೆಯನ್ನು ಎರಡು ಭಾಗ ಮಾಡಿ. ಎಡಕ್ಕೆ ಅರ್ಥ, ಬಲಕ್ಕೆ ಅದನ್ನು ಹೇಳಿದವರ ಹೆಸರು ಮತ್ತು ವರ್ಷ. ಈ ಒಂದು ಕೆಲಸ ಮಾಡಿದರೆ ನೆಟ್‌ನಲ್ಲಿ ಸಿಗುವ ಅರ್ಧಕ್ಕರ್ಧ ಗೊಂದಲ ಹೋಗುತ್ತದೆ.

ಶುರು ಮಾಡಬೇಕಾದ್ದು 1781ರಿಂದ. ಆ ವರ್ಷ ಪ್ಯಾರಿಸ್ಸಿನ ಕೂರ್ ದ ಜೆಬ್ಲಾನ್ ಅನ್ನುವ ಪಂಡಿತ, ಟ್ಯಾರೋ ಅಂದರೆ ಈಜಿಪ್ಟಿನ ಪೂಜಾರಿಗಳು ಬಚ್ಚಿಟ್ಟ ಪುಸ್ತಕ ಅಂತ ಬರೆದ. ಟವರ್ ಅವನ ಕಣ್ಣಿಗೆ ಕಂಡಿದ್ದು ಸಂಪತ್ತಿನ ದೇವತೆ ಪ್ಲೂಟಸ್‌ನ ಕೋಟೆಯಾಗಿ. ತುಂಬಾ ಚಿನ್ನ, ಅದು ಕುಸಿದು ಭಕ್ತರೇ ಕೆಳಗೆ ಸಿಕ್ಕಿಬಿದ್ದರು ಅಂತ. ದುರಾಸೆಗೆ ಶಿಕ್ಷೆ ಅನ್ನುವ ಓದು ಇಲ್ಲಿಂದ ಬೆಳೆಯಿತು. ಮಜಾ ಏನಂದರೆ, ಈಜಿಪ್ಟಿನ ಚಿತ್ರಲಿಪಿಯನ್ನು ಫ್ರಾನ್ಸಿನ ವಿದ್ವಾಂಸ ಶಾಂಪೋಲಿಯೋ ಬಿಡಿಸಿದ್ದು 1822ರಲ್ಲಿ. 1781ರಲ್ಲಿ ಆ ಲಿಪಿ ಓದಲು ಬರುತ್ತಿದ್ದವರು ಜಗತ್ತಿನಲ್ಲೇ ಒಬ್ಬರೂ ಇರಲಿಲ್ಲ! ಆದರೂ ಈಜಿಪ್ಟ್ ಕಥೆ ಇವತ್ತಿಗೂ ಓಡುತ್ತಿದೆ.

ಅದೇ ಕಾಲದಲ್ಲಿ ಎತ್ತೈಲಾ ಅನ್ನುವ ಹೆಸರಿಟ್ಟುಕೊಂಡ ಇನ್ನೊಬ್ಬ ಪ್ಯಾರಿಸ್ಸಿಗ ಭವಿಷ್ಯ ಹೇಳೋದಕ್ಕಂತಲೇ ಡೆಕ್ ಮಾಡಿದ. ನಂಬರುಗಳನ್ನೆಲ್ಲ ಬದಲಾಯಿಸಿದ. ಅವನ ಡೆಕ್‌ನಲ್ಲಿ ಈ ಕಾರ್ಡ್ 19ನೆಯದು. ಅರ್ಥ: ದಾರಿದ್ರ್ಯ, ಸೆರೆಮನೆ. ಈಗಲೂ ಕೆಲವು ಪುಸ್ತಕಗಳಲ್ಲಿ ಟವರ್ ತಲೆಕೆಳಗಾದರೆ ಜೈಲು ಅಂತ ಓದುತ್ತೀರಲ್ಲ, ಅದರ ಬೇರು ಇಲ್ಲಿದೆ.

1850ರ ದಶಕದಲ್ಲಿ ಎಲಿಫಾಸ್ ಲೇವಿ ಅನ್ನುವ ಫ್ರಾನ್ಸಿನ ಗುಪ್ತ ವಿದ್ಯೆಯ ಲೇಖಕ 22 ಕಾರ್ಡ್‌ಗಳನ್ನು 22 ಹೀಬ್ರೂ ಅಕ್ಷರಗಳಿಗೆ ಜೋಡಿಸಿದ. ಟವರ್ ಅವನಿಗೆ ಬೈಬಲ್ಲಿನ ಬಾಬೆಲ್ ಗೋಪುರ. ಅಕ್ಷರ 'ಅಯಿನ್'. 1888ರಲ್ಲಿ ಲಂಡನ್‌ನಲ್ಲಿ ಶುರುವಾದ ಗೋಲ್ಡನ್ ಡಾನ್ ಅನ್ನುವ ಗುಪ್ತ ಕೂಟದವರು ಅದೇ ಕಾರ್ಡಿಗೆ 'ಪೇ' ಅನ್ನುವ ಅಕ್ಷರ ಕೊಟ್ಟರು, ಗ್ರಹ ಮಂಗಳ ಅಂದರು. ಒಂದೇ ಕಾರ್ಡಿಗೆ ಎರಡು ಅಕ್ಷರ ಹೇಗೆ? ನಂಬರಿಲ್ಲದ ಕಾರ್ಡ್ ಒಂದಿದೆ, ಹುಚ್ಚನದು. ಲೇವಿ ಅದನ್ನು ಕೊನೆಗೆ ತಳ್ಳಿ, ಕೊನೆಯದಕ್ಕಿಂತ ಒಂದು ಮುಂಚೆ ಇಟ್ಟ. ಗೋಲ್ಡನ್ ಡಾನ್‌ನವರು ಅದನ್ನು ಎಲ್ಲಕ್ಕಿಂತ ಮೊದಲು ಇಟ್ಟರು. ಅಲ್ಲಿಂದ ಮುಂದಿನವೆಲ್ಲ ಒಂದೊಂದು ಅಕ್ಷರ ಸರಿದವು. ಹಾಗಾಗಿ ಇಬ್ಬರು ಓದುಗರು ಕಬ್ಬಾಲಾ ಹೆಸರಲ್ಲಿ ಜಗಳ ಆಡುತ್ತಿದ್ದರೆ, ಹುಚ್ಚನನ್ನು ಎಲ್ಲಿ ಕೂರಿಸಿದ್ದೀರಿ ಅಂತ ಕೇಳಿ. ಜಗಳ ಅಲ್ಲಿಗೇ ಬಂದು ನಿಲ್ಲುತ್ತದೆ.

ವೇಟ್ ಗೋಲ್ಡನ್ ಡಾನ್‌ನಲ್ಲೇ ಇದ್ದವನು. ಅವನು ಈ ಕಾರ್ಡಿನಲ್ಲಿ ಕಂಡಿದ್ದು ಸುಳ್ಳಿನ ಮನೆ ಒಡೆಯುವುದನ್ನು, ಅಂದರೆ ತಪ್ಪು ನಂಬಿಕೆಯ ಕಟ್ಟಡ. ಅದು ಒಳಗಿನ ಓದು. ಭವಿಷ್ಯ ಕೇಳುವವರಿಗೆ ಅಂತ ಅವನೇ ಕೊಟ್ಟ ಪಟ್ಟಿ ಮಾತ್ರ ಬೇರೆ: ಕಷ್ಟ, ಅವಮಾನ, ಮೋಸ, ಹಾಳಾಗುವುದು, ಎಣಿಸದೇ ಬರುವ ಅನಾಹುತ. ಜನ ಎರಡನೆಯದನ್ನು ಉರು ಹೊಡೆದರು, ಮೊದಲನೆಯದನ್ನು ಬಿಟ್ಟರು. ಟವರ್ ಅಂದರೆ ಬೆಚ್ಚುವ ಅಭ್ಯಾಸ ಗಟ್ಟಿಯಾಗಿದ್ದು ಆ ಒಂದು ಸಾಲಿನಿಂದ ಅಂತ ನನ್ನ ಅನಿಸಿಕೆ.

ಆಮೇಲಿನದು ನಮಗೆ ಹತ್ತಿರದ್ದು. ಇಂಗ್ಲೆಂಡಿನ ಗುಪ್ತ ವಿದ್ಯೆಯವನು ಅಲಿಸ್ಟರ್ ಕ್ರೌಲಿ ಹೇಳಿ, ಫ್ರೀಡಾ ಹ್ಯಾರಿಸ್ 1938ರಿಂದ 1943ರವರೆಗೆ ಬರೆದ ಥೋತ್ ಡೆಕ್‌ನಲ್ಲಿ ಗೋಪುರದ ಮೇಲೆ ಒಂದು ದೊಡ್ಡ ಕಣ್ಣಿದೆ. 1944ರ ಪುಸ್ತಕದಲ್ಲಿ ಕ್ರೌಲಿ ಅದನ್ನು ಶಿವನ ಕಣ್ಣು ಅಂತಲೇ ಕರೆದ. ಅದು ತೆರೆದರೆ ಜಗತ್ತು ಬೂದಿ. ನಾವು ಹೋಳಿ ಹುಣ್ಣಿಮೆಗೆ ಕಾಮನನ್ನು ಸುಡುವ ಊರಿನವರು. ಮೂರನೇ ಕಣ್ಣು ತೆರೆಯುವುದು ಬರೀ ಕೇಡಲ್ಲ, ಮರುದಿನ ಬಣ್ಣ ಇದೆ ಅಂತ ಮಕ್ಕಳಿಗೂ ಗೊತ್ತು. ಕ್ರೌಲಿಯ ಸ್ವಂತ ಬದುಕು ಸರಿಯಿರಲಿಲ್ಲ, ಅವನನ್ನು ಗುರು ಅಂತ ಹಿಡಿದುಕೊಳ್ಳಬೇಡಿ. ಈ ಚಿತ್ರ ಮಾತ್ರ ನೋಡುವಂಥದ್ದು. ಡೆಕ್ ಆಗಿ ಅದು ಅಚ್ಚಾಗಿದ್ದು 1969ರಲ್ಲಿ, ಅಷ್ಟೊತ್ತಿಗೆ ಇಬ್ಬರೂ ತೀರಿಹೋಗಿದ್ದರು.

ಬಿಡುಗಡೆ, ಎಚ್ಚರ, ಬೇಡದ್ದು ಒಡೆದುಹೋಗಲಿ ಅನ್ನುವ ಓದು ಜಾಸ್ತಿಯಾಗಿದ್ದು 1970ರ ನಂತರ, ಮನಶ್ಶಾಸ್ತ್ರದ ಭಾಷೆ ಟ್ಯಾರೋಗೆ ಬಂದಮೇಲೆ. ಇದರ ಬಗ್ಗೆ ನನಗೆ ಸ್ವಲ್ಪ ತಕರಾರಿದೆ. ದಾವಣಗೆರೆಯಲ್ಲಿ ಹತ್ತಿ ಗಿರಣಿಗಳು ಒಂದೊಂದಾಗಿ ಮುಚ್ಚಿದವು. ಅಪ್ಪನ ಗಿರಣಿ ಕೆಲಸ ಹೋಗಿ, ಮಂಡಕ್ಕಿ ಮೆಣಸಿನಕಾಯಿ ಗಾಡಿ ಇಟ್ಟು ಮನೆ ನಡೆಸಿದವರ ಎದುರು ಕೂತು, ಕಟ್ಟಿದ್ದೆಲ್ಲ ಬೀಳೋದು ನಿಮ್ಮ ಒಳ್ಳೆಯದಕ್ಕೇ ಅಂತ ಹೇಳಿ ನೋಡೋಣ. ಗೋಪುರ ಕಟ್ಟಿಸಿದವನು ಒಬ್ಬ, ಅದರೊಳಗೆ ಕೆಲಸಕ್ಕಿದ್ದವನು ಇನ್ನೊಬ್ಬ. ಕಾರ್ಡಿನಲ್ಲೂ ಬೀಳುವವರು ಇಬ್ಬರು, ಕಿರೀಟ ಇರೋದು ಒಬ್ಬರಿಗೆ ಮಾತ್ರ.

ಇದೆಲ್ಲ ಆದಮೇಲೆ ಹಾಳೆಯ ಕೆಳಗೆ ಒಂದು ಹೆಸರು ಸೇರಿಸಿ: ಮೈಕಲ್ ಡಮೆಟ್. ಆಕ್ಸ್‌ಫರ್ಡಿನ ತತ್ತ್ವಶಾಸ್ತ್ರದ ಮೇಷ್ಟ್ರು. 1980ರಲ್ಲಿ ಟ್ಯಾರೋ ಆಟದ ಇತಿಹಾಸ ಬರೆದು, 18ನೇ ಶತಮಾನಕ್ಕೆ ಮುಂಚೆ ಇದಕ್ಕೆ ಗುಪ್ತ ವಿದ್ಯೆಯ ನಂಟಿತ್ತು ಅನ್ನೋದಕ್ಕೆ ಆಧಾರವಿಲ್ಲ ಅಂತ ತೋರಿಸಿಕೊಟ್ಟವರು. ಅವರನ್ನು ಓದಿದರೆ ಕಾರ್ಡಿನ ರುಚಿ ಹೋಗುತ್ತದೆ ಅಂತ ಹೆದರುವವರಿದ್ದಾರೆ. ನನಗೇನೋ ಹೆಚ್ಚಾಯಿತು.

ಹಂತ 5: ಪ್ರಿಂಟ್ ಹಿಡಿದುಕೊಂಡು ಕೋಟೆ ಹತ್ತಿ

ಬೆಳಿಗ್ಗೆ ಹೋಗಿ, ಬಿಸಿಲೇರಿದರೆ ಬಂಡೆ ಕಾಯುತ್ತದೆ. ಪ್ರಿಂಟನ್ನು ಕೈಯಲ್ಲಿ ಬಿಚ್ಚಿ ಹಿಡಿದುಕೊಳ್ಳಬೇಡಿ. ಇಲ್ಲಿನ ಗುಡ್ಡಗಳ ಮೇಲೆ ಗಾಳಿ ಯಂತ್ರ ನೆಟ್ಟಿದ್ದು ಸುಮ್ನೆ ಅಲ್ಲ, ಒಂದೇ ಬೀಸಿಗೆ ಕಾಗದ ಕಣಿವೆಗೆ ಹೋಗುತ್ತದೆ. ಪ್ಲಾಸ್ಟಿಕ್ ಕವರ್ ಕೈಯಲ್ಲಿದ್ದರೆ ಮಂಗಗಳು ತಿಂಡಿ ಅಂದುಕೊಂಡು ಕಿತ್ತುಕೊಳ್ಳುತ್ತವೆ. ರಟ್ಟಿನ ಫೈಲ್ ಒಳ್ಳೆಯದು. ಮಳೆಗಾಲ ಶುರುವಾಗುವ ಮೊದಲಿನ ಗುಡುಗು ದಿನಗಳಲ್ಲಿ ಸಂಜೆ ಹೊತ್ತು ಬತೇರಿ, ಅಂದರೆ ಕೋಟೆಯ ಬುರುಜಿನ ಮೇಲೆ ನಿಲ್ಲಲೇಬೇಡಿ, ಈ ಕಾರ್ಡನ್ನು ಅಷ್ಟು ಆಳವಾಗಿ ಕಲಿಯೋದು ಬೇಕಿಲ್ಲ.

ಮೊದಲು ಬಾಗಿಲುಗಳನ್ನು ನೋಡುತ್ತಾ ಹೋಗಿ. ಏಳು ಸುತ್ತಿನ ಕೋಟೆಯಲ್ಲಿ ನೇರವಾಗಿ ಒಳಗೆ ಹೋಗುವ ದಾರಿ ಇಲ್ಲ. ಬಾಗಿಲು ದಾಟಿದರೆ ತಿರುವು, ತಿರುವು ದಾಟಿದರೆ ಮತ್ತೆ ಗೋಡೆ. ಶತ್ರು ಓಡಿ ಬಂದು ನುಗ್ಗೋದಕ್ಕೆ ಆಗಬಾರದು ಅಂತ. ಈಗ ಪ್ರಿಂಟ್ ತೆಗೆದು ನೋಡಿ: ಆ ಗೋಪುರಕ್ಕೆ ಬಾಗಿಲೇ ಇಲ್ಲ. ಒಳಗಿದ್ದವರಿಗೆ ಹೊರಬರಲು ಇದ್ದ ದಾರಿ ಕಿಟಕಿ ಒಂದೇ. ಸಿಡಿಲು ಬಂದಿದ್ದರಿಂದ ಬಿದ್ದರಾ, ಬಾಗಿಲಿಲ್ಲದ್ದರಿಂದ ಬಿದ್ದರಾ? ಈ ಪ್ರಶ್ನೆಯನ್ನು ಬರೆದುಕೊಳ್ಳಿ. ಜನರಿಗೆ ಕಾರ್ಡ್ ಓದುವಾಗ ಇದಕ್ಕಿಂತ ಉಪಯೋಗದ ಪ್ರಶ್ನೆ ನನಗೆ ಸಿಕ್ಕಿಲ್ಲ.

ಆಮೇಲೆ ಓಬವ್ವನ ಕಿಂಡಿಗೆ ಬನ್ನಿ. ಕಥೆ ಎಲ್ಲರಿಗೂ ಗೊತ್ತು. ಕಾವಲಿನ ಗಂಡ ಊಟಕ್ಕೆ ಕೂತಿದ್ದ, ನೀರಿಗೆ ಬಂದ ಓಬವ್ವ ಕಿಂಡಿಯಲ್ಲಿ ನುಸುಳುತ್ತಿದ್ದ ಹೈದರನ ಸೈನಿಕರನ್ನು ಕಂಡಳು, ಒನಕೆ ಹಿಡಿದಳು. ಟವರ್ ಕಾರ್ಡಿನಲ್ಲಿ ಅಪಾಯ ಬರೋದು ಮೇಲಿಂದ, ಎಲ್ಲರ ಕಣ್ಣೆದುರು, ದೊಡ್ಡ ಸದ್ದು ಮಾಡಿಕೊಂಡು. ಇಲ್ಲಿ ಬಂದಿದ್ದು ಕೆಳಗಿಂದ, ಒಬ್ಬ ಮನುಷ್ಯ ತೂರುವಷ್ಟು ಸಂದಿಯಲ್ಲಿ, ಸದ್ದಿಲ್ಲದೆ. ಯುರೋಪಿನ ಪುಸ್ತಕಗಳು ಈ ಕಾರ್ಡನ್ನು ತಟ್ಟನೆ ಬಂದ ಆಘಾತ ಅಂತ ಓದುತ್ತವೆ. ದುರ್ಗದವರು ಇನ್ನೊಂದು ಸೇರಿಸಬಹುದು: ಎಷ್ಟೇ ಎತ್ತರದ ಗೋಡೆ ಇರಲಿ, ಕಿಂಡಿ ಎಲ್ಲಿದೆ ಅಂತ ಗೊತ್ತಿರಬೇಕು. ಟವರ್ ಬಂದಾಗ ನಾನು ಕೇಳೋದು ಸಿಡಿಲಿನ ಬಗ್ಗೆ ಅಲ್ಲ, ಕಿಂಡಿಯ ಬಗ್ಗೆ. 1779ರಲ್ಲಿ ಕೋಟೆ ಹೈದರನ ಕೈಗೆ ಹೋಯಿತು, ಮದಕರಿ ನಾಯಕನನ್ನು ಶ್ರೀರಂಗಪಟ್ಟಣಕ್ಕೆ ಒಯ್ದರು. ಗೋಡೆಗಳು ಮಾತ್ರ ಈಗಲೂ ನಿಂತಿವೆ. ಬೀಳೋದು ಅಂದರೆ ಕಲ್ಲು ಉರುಳೋದೇ ಆಗಬೇಕಿಲ್ಲ.

ಮುಂದೆ ತುಪ್ಪದ ಕೊಳದ ಬತೇರಿ ಕಡೆ ಹೋಗಿ. ಬಂಡೆಯಲ್ಲಿ ಕೊರೆದ ಕಾಲ್ಗುಳಿಗಳನ್ನು ಹಿಡಿದು ಹತ್ತಬೇಕು. ಅಭ್ಯಾಸ ಇಲ್ಲದವರು, ಮೊಣಕಾಲು ನೋವಿನವರು ಕೆಳಗಿಂದಲೇ ನೋಡಿದರೆ ಸಾಕು. ಯಾವುದು ಬಂಡೆ, ಯಾವುದು ಕಟ್ಟಿದ್ದು ಅಂತ ಬೇರೆ ಮಾಡಿ ನೋಡಿ. ಕಾರ್ಡಿನಲ್ಲೂ ಹಾಗೇ, ಸಿಡಿಲು ತಾಗಿರೋದು ಕಟ್ಟಿದ್ದಕ್ಕೆ, ಅದರಲ್ಲೂ ತುದಿಯ ಕಿರೀಟಕ್ಕೆ. ಬಂಡೆ ಹಾಗೇ ಇದೆ. ಕೇಳಲು ಬಂದವರ ಬದುಕಿನಲ್ಲಿ ಬಂಡೆ ಯಾವುದು, ಕಿರೀಟ ಯಾವುದು ಅಂತ ಅವರೇ ಹೇಳಬೇಕು. ನೀವು ಹೇಳಬಾರದು.

ಇಳಿಯುವಾಗ ಅಕ್ಕ-ತಂಗಿ ಹೊಂಡದ ಹತ್ತಿರ ಸ್ವಲ್ಪ ಕೂತುಕೊಳ್ಳಿ. ಮೇಲಿನ ಹೊಂಡ ತುಂಬಿದರೆ ನೀರು ಕೆಳಗಿನದಕ್ಕೆ ಇಳಿಯುವ ಹಾಗೆ ಈ ಕೋಟೆಯ ನೀರಿನ ಏರ್ಪಾಡು ಇದೆ. 17ನೇ ಕಾರ್ಡ್ ನಕ್ಷತ್ರದ್ದು. ಅದರಲ್ಲಿ ಒಬ್ಬಳು ಮಂಡಿಯೂರಿ, ಒಂದು ಕೊಡದಿಂದ ಕೊಳಕ್ಕೆ, ಇನ್ನೊಂದರಿಂದ ನೆಲಕ್ಕೆ ನೀರು ಸುರಿಯುತ್ತಿದ್ದಾಳೆ. ಬೆಂಕಿಯ ಕಾರ್ಡ್ ಆದಕೂಡಲೇ ನೀರಿನ ಕಾರ್ಡ್. ಆಟದ ಲೆಕ್ಕದಲ್ಲಿ ನಕ್ಷತ್ರ ಟವರನ್ನು ಹೊಡೆಯುತ್ತದೆ ಅಂತ ಮೇಲೆ ಹೇಳಿದೆನಲ್ಲ. ಟವರ್ ಬಂದು ಹೆದರಿಕೊಂಡವರಿಗೆ ನಾನು 17ನೆಯದನ್ನು ಹುಡುಕಿ ತೆಗೆದು ಪಕ್ಕದಲ್ಲಿ ಇಡುತ್ತೇನೆ. ಇದು ನಿಯಮದಲ್ಲಿಲ್ಲ, ಶುದ್ಧ ಮೋಸ ಅನ್ನುವವರೂ ಇದ್ದಾರೆ. ಇರಲಿ.

ಹಂತ 6: ಬೇರೆಯವರಿಗೆ ಓದುವಾಗ

ನಮ್ಮ ಕಡೆ ಭವಿಷ್ಯ ಕೇಳೋದು ಹೊಸತಲ್ಲ. ಗಿಳಿ ಶಾಸ್ತ್ರದವರ ಗಿಳಿ ಪಂಜರದಿಂದ ಬಂದು ಒಂದು ಚೀಟಿ ಎಳೆಯುತ್ತಿತ್ತು, ಅದರಲ್ಲಿ ದೇವರ ಚಿತ್ರ ಇರುತ್ತಿತ್ತು. ಅದಕ್ಕಿಂತ ಟ್ಯಾರೋಗೆ ಹತ್ತಿರವಾಗಿ ನನಗೆ ಕಾಣೋದು ಮೈಲಾರದ ಕಾರ್ಣಿಕ. ಗೊರವಯ್ಯ ಬಿಲ್ಲು ಏರುತ್ತಾನೆ, 'ಸದ್ದಲೇ' ಅಂತಾನೆ, ಒಂದೇ ಸಾಲು ನುಡಿದು ಮೇಲಿಂದ ಬೀಳುತ್ತಾನೆ, ಕೆಳಗಿದ್ದವರು ಹಿಡಿದುಕೊಳ್ಳುತ್ತಾರೆ. ಆ ಒಂದು ಸಾಲನ್ನು ರೈತರು ಮಳೆಗೆ ಹಚ್ಚುತ್ತಾರೆ, ರಾಜಕೀಯದವರು ಕುರ್ಚಿಗೆ ಹಚ್ಚುತ್ತಾರೆ, ವ್ಯಾಪಾರದವರು ಧಾರಣೆಗೆ ಹಚ್ಚುತ್ತಾರೆ. ಸಾಲು ಬದಲಾಗಿರೋದಿಲ್ಲ. ಟವರ್ ಕಾರ್ಡಿಗೆ ಆರು ನೂರು ವರ್ಷದಲ್ಲಿ ಆಗಿದ್ದೂ ಇದೇ. ಗೊರವಯ್ಯನನ್ನು ನೆನೆಸಿಕೊಂಡರೆ ಇನ್ನೊಂದು ಹೊಳೆಯುತ್ತದೆ: ಎತ್ತರದಿಂದ ಬೀಳುವವನು ತಪ್ಪು ಮಾಡಿದವನೇ ಆಗಬೇಕಿಲ್ಲ. ಅವನು ಹೇಳಬೇಕಾದ ಮಾತು ಹೇಳಿ ಬಿದ್ದಿರಬಹುದು. ಕಾರ್ಡಿನ ಕೆಳಗೆ ಹಿಡಿಯುವ ಕೈಗಳಿಲ್ಲ, ಅದು ಅದರ ದುಃಖ.

ಇನ್ನು ಎದುರು ಕೂತವರ ಜೊತೆ ಮಾತು ಹೇಗಿರಬೇಕು? ಹಾಗೆ ಮಾಡಿ, ಹೀಗೆ ಮಾಡಿ ಅನ್ನೋದಕ್ಕಿಂತ ಒಂದು ಸಣ್ಣ ಮಾದರಿ ಕೊಡುತ್ತೇನೆ. ಹೊಸಮನೆ ಕಟ್ಟಿಸುತ್ತಿರುವ ಅತ್ತೆಯೊಬ್ಬರಿಗೆ ಟವರ್ ಬಂತು ಅಂತ ಇಟ್ಟುಕೊಳ್ಳಿ.

"ಏನವ್ವಾ ಇದು, ಮನೆ ಬೀಳ್ತದೇನು?"

"ಮನೆ ಬೀಳ್ತದೋ ಇಲ್ವೋ ಮೇಸ್ತ್ರಿ ಹೇಳಬೇಕು ಅತ್ತೆ. ಈ ಚಿತ್ರದಾಗೆ ನಿಮಗೆ ಮೊದಲು ಏನು ಕಾಣ್ತು?"

"ಆ ಕಿರೀಟ ಕಾಣ್ತು. ಮೇಲಿನ ಮಹಡಿ ಬ್ಯಾಡ ಅಂತ ನಾನು ಬಡಕಂಡೆ, ನಮ್ಮ ಹುಡುಗ ಕೇಳಲಿಲ್ಲ."

"ಅದಕ್ಕೆ ಸಾಲ ಮಾಡೀರೇನು?"

ನೋಡಿ, ಇಷ್ಟೇ. ಕಾರ್ಡ್ ಮುಂದೆ ಆಗೋದನ್ನು ಹೇಳಲಿಲ್ಲ. ಅವರು ಮನೆಯಲ್ಲಿ ಹೇಳಲಾಗದೆ ಇಟ್ಟುಕೊಂಡಿದ್ದ ಮಾತು ಹೊರಗೆ ಬಂತು. ಇದರ ಮೇಲೆ ನೀವು ಶಾಂತಿ ಮಾಡಿಸಿ, ಹರಳು ಹಾಕಿಕೊಳ್ಳಿ ಅಂತ ಶುರು ಮಾಡಿದರೆ ಎಲ್ಲ ಕೆಟ್ಟಿತು. ಸಾವು, ಕಾಯಿಲೆ, ಹೊಟ್ಟೆಯಲ್ಲಿರುವ ಮಗು, ಕೋರ್ಟ್ ತೀರ್ಪು ಇವುಗಳಿಗೆ ಕಾರ್ಡ್ ತೆಗೆಯಲೇಬೇಡಿ. ಕೇಳಿದರೆ ಡಾಕ್ಟರ್, ವಕೀಲರ ಹತ್ತಿರ ಕಳಿಸಿ. ಹಣ ಇಸಕೊಂಡು ಹೆದರಿಸೋದಂತೂ ಹೇಳಲೇಬಾರದ ಮಾತು.

ಮೂರು ಕಾರ್ಡ್ ಹರಡಿ ಓದುವ ರೂಢಿ ಇದ್ದರೆ ಟವರ್ ಎಲ್ಲಿ ಬಿದ್ದಿದೆ ನೋಡಿ. ಮೊದಲನೆಯದಾದರೆ ಆಗಿಹೋದ ಆಘಾತ, ಈಗಿನ ಮಾತು ಅದರ ನಂತರದ್ದು. ನಡುವೆ ಇದ್ದರೆ ಬಾಗಿಲಿನ ಪ್ರಶ್ನೆ ಕೇಳಿ. ಕೊನೆಯದಾದರೆ ಕಿಂಡಿಯ ಪ್ರಶ್ನೆ. ಅಡಿಕೆ ತೋಟಕ್ಕೆ ಇನ್ನೊಂದು ಬೋರ್ ಕೊರೆಸಲಾ ಅಂತ ಚನ್ನಗಿರಿ ಕಡೆಯವರು ಕೇಳಿ ಕೊನೆಗೆ ಟವರ್ ಬಂತು ಅನ್ನಿ. ನೀರು ಬರುತ್ತದೋ ಇಲ್ಲವೋ ಅಂತ ಕಾರ್ಡಿಗೆ ಗೊತ್ತಿಲ್ಲ. ಬೋರ್ ಫೇಲ್ ಆದರೆ ದುಡ್ಡು ಎಲ್ಲಿಂದ ಹೊಂದಿಸುತ್ತೀರಿ, ಯಾರ ಹೆಸರಲ್ಲಿ ಸಾಲ ಇದೆ, ಅದನ್ನು ಕೇಳಬಹುದು.

ಕಾರ್ಡ್ ತಿರುಗಿ ಬಿದ್ದರೆ

ತಲೆಕೆಳಗಾಗಿ ಬಂದ ಟವರಿಗೆ ವೇಟ್ ಕೊಟ್ಟ ಅರ್ಥ ಅಂಥ ದೊಡ್ಡದೇನಲ್ಲ: ಅದೇ ಕಷ್ಟ, ಸ್ವಲ್ಪ ಕಡಿಮೆ ಪ್ರಮಾಣದಲ್ಲಿ. ಜೊತೆಗೆ ಎತ್ತೈಲಾ ಕಾಲದ ಆ ಸೆರೆಮನೆ. ಈಗಿನವರು ತಪ್ಪಿಸಿಕೊಂಡ ಅನಾಹುತ ಅಂತಲೋ, ಮುಂದಕ್ಕೆ ಹಾಕಿದ ಅನಾಹುತ ಅಂತಲೋ ಓದುತ್ತಾರೆ. ನಾನು ಇದೊಂದು ಕಾರ್ಡಿಗೆ ಪುಸ್ತಕದ ಅರ್ಥ ಬಳಸೋದಿಲ್ಲ. ಪ್ರಿಂಟನ್ನೇ ತಿರುಗಿಸಿ ಎದುರಿನವರ ಕೈಗೆ ಕೊಟ್ಟುಬಿಡುತ್ತೇನೆ. ಹಾಗೆ ಹಿಡಿದರೆ ಬಂಡೆ ಮೇಲಾಗುತ್ತದೆ, ಸಿಡಿಲು ಕೆಳಗಿನಿಂದ ಏರುತ್ತದೆ, ಆ ಇಬ್ಬರು ಕೈ ಚಾಚಿ ಮೇಲಕ್ಕೆ ಹೋಗುತ್ತಿರುವಂತೆ ಕಾಣುತ್ತಾರೆ. ಕೆಲವರಿಗೆ ನಗು ಬರುತ್ತದೆ, ಕೆಲವರು ಇದೇ ಜಾಸ್ತಿ ಹೆದರಿಕೆ ಅನ್ನುತ್ತಾರೆ. ಯಾರು ಯಾವುದನ್ನು ಹೇಳಿದರು ಅಂತ ನೋಟ್‌ಬುಕ್‌ನಲ್ಲಿ ತಾರೀಖಿನ ಜೊತೆ ಬರೆದಿಡಿ, ಹೆಸರು ಮಾತ್ರ ಬರೆಯಬೇಡಿ.